ಎಡಗಾಲಿಗೆ ಪೆಟ್ಟು, ಬಲಗೈಯಲ್ಲಿ ಕೋಲು!

ಹುಬ್ಬಳ್ಳಿಯ ಉಣಕಲ್ ಕೆರೆಗೆ ಬೆಳಗ್ಗೆ ವಾಕಿಂಗ್ ಬರುವವರಿಗೆಲ್ಲ ಸ್ಟೀಲ್ ಪಾತ್ರೆ ಅಂಗಡಿಯ ವಿರೂಪಾಕ್ಷಪ್ಪ ಗೊತ್ತು...

ಆಸಾಮಿ ಯಾರನ್ನೂ ನಂಬುವವನಲ್ಲ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದ. ಗುಡಿಯಲ್ಲಿ ಕೈಮುಗಿದಾಗಲೂ ಒಂದು ಕಣ್ಣು ಹೊರಗೆ ಬಿಟ್ಟ ಚಪ್ಪಲಿಯ ಮೇಲೆ!

ಅಂಥವನ ಕಣ್ಣಿಗೆ ಬಿದ್ದಳು ಮಹಾದೇವಿ ಟೀಚರ್...

ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರ್. ಸ್ಕೂಟರ್ ಆಕ್ಸಿಡೆಂಟ್‌ನಲ್ಲಿ ಎಡಗಾಲು ಮುರಿದು, ರಾಡ್ ಹಾಕಿಸಿಕೊಂಡು, ಆಗಷ್ಟೇ ಕೋಲೂರಿ ನಡೆಯತೊಡಗಿದ್ದಳು.

ನಡೆಯುವುದೇನೋ ಸರಿ... ಅದರ ಜೊತೆಗೆ ಒಂದು ಚಾಲೆಂಜ್ ಬೇರೆ!

"ನಾ ದಿನಾ ಕೆರಿ ದಂಡಿಗುಂಟ ಒಂದು ಸುತ್ತು ಹಾಕ್ತೀನ್ರಿ. ನಾ ಸುತ್ತು ಮುಗಿಸಿದ ದಿನ ನಿಮ್ಮೊಳಗ ಒಬ್ರು ಅಟ್ಟದ ಮ್ಯಾಲಿನ ಹಳೇ ವಾಕರ್ರೋ ಕೋಲೋ ಕೊಡಬೇಕು. ನನಗ ಕಾಲು ಕೊಟ್ಟ ಧರ್ಮಾಸ್ಪತ್ರಿಯಾಗ ಬಡವರಿಗೆ ಅದs ಇಲ್ರಿ."

ಜನಕ್ಕೆ ಹಿಡಿಸಿತು. ಒಬ್ಬರಾದ ಮೇಲೊಬ್ಬರು ತಂದುಕೊಟ್ಟರು. ಅವಳು ಎಲ್ಲವನ್ನೂ ಆಟೋಕ್ಕೆ ಏರಿಸಿಕೊಂಡು ಹೋಗುತ್ತಿದ್ದಳು.

ವಿರೂಪಾಕ್ಷಪ್ಪ ಮಾತ್ರ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಕೇಳತೊಡಗಿದ...

"ಅಲ್ರೀ, ಆ ಆಟೋ ಎಲ್ಲಿಗೆ ಹೋಗ್ತೈತಿ ಅಂತ ಯಾರರ ನೋಡೀರೇನು? ನೆಟ್ಟಗ ಗುಜರಿ ಅಂಗಡಿಗೆ! ವಾಕರಿನ ಅಲ್ಯೂಮಿನಿಯಂಗೆ ಎಷ್ಟು ರೇಟೈತಿ ಅಂತ ನನಗ ಕೇಳ್ರಿ!"

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿ, ಸಾಕ್ಷಿ ಹಿಡಿದೇ ತೀರುತ್ತೇನೆ ಎಂದು ಅವನು ಅವಳ ಹಿಂದೆ ಹಿಂದೆಯೇ ನಡೆದ.

ಒಂದು ದಿನ ಸಿಕ್ಕೇಬಿಟ್ಟಿತು!

"ಏನ್ರೀ ಟೀಚರ್... ಪೆಟ್ಟು ಎಡಗಾಲಿಗೆ, ಕೋಲು ಬಲಗೈಯಾಗ! ಯಾವ ಕಾಲು ಮುರದದ್ದು ಅಂತ ನಿಮಗs ಮರತು ಹೋತೇನು?"

ಸುತ್ತ ಇದ್ದವರು ನಕ್ಕರು. ಮಹಾದೇವಿಯ ಮುಖ ಸಣ್ಣದಾಯಿತು.

"ಡಾಕ್ಟರ್ ಹಿಂಗs ಹಿಡೀರಿ ಅಂದಾರ್ರೀ, ಅಣ್ಣಾರ..."

"ಹೌದೌದು! ಡಾಕ್ಟರಿಗೂ ಎಡ ಬಲ ತಿಳಿಯಂಗಿಲ್ಲ ಅನ್ರಿ!"

ಅಷ್ಟಕ್ಕೇ ಬಿಡಲಿಲ್ಲ. ಫೋಟೋ ತೆಗೆದು, ಕೋಲು ಹಿಡಿದ ಕೈಗೆ ಕೆಂಪು ಗೆರೆಯಲ್ಲಿ ಸುತ್ತು ಹಾಕಿ, 'ಎಚ್ಚರ! ನಾಟಕದ ಕುಂಟಿ' ಎಂದು ವಾಕಿಂಗ್ ಗ್ರೂಪಿಗೆ ಹಾಕಿದ. ಸಂಜೆಯೊಳಗೆ ಅದು ಅರ್ಧ ಊರು ಸುತ್ತಿತು.

ಮರುದಿನದಿಂದ ಒಬ್ಬರೂ ಏನನ್ನೂ ತರಲಿಲ್ಲ.

ಅವಳು ಮಾತ್ರ ಬರುವುದು ಬಿಡಲಿಲ್ಲ... ಒಬ್ಬಳೇ ಸುತ್ತು ಮುಗಿಸಿ, ಬರಿಗೈಯಲ್ಲಿ ಹೋಗುತ್ತಿದ್ದಳು. ಜಗಳಕ್ಕೆ ನಿಲ್ಲದಿದ್ದುದನ್ನು ನೋಡಿ ವಿರೂಪಾಕ್ಷಪ್ಪನ ಅನುಮಾನ ಇನ್ನೂ ಗಟ್ಟಿಯಾಯಿತು. ಸಾಚಾ ಆಗಿದ್ದರೆ ಸುಮ್ಮನಿರುತ್ತಿದ್ದಳಾ?

ಅಷ್ಟರಲ್ಲಿ ಅವನ ತಾಯಿ ಗೌರವ್ವ ಬಚ್ಚಲಲ್ಲಿ ಜಾರಿ ಬಿದ್ದರು... ಎಡಗಡೆಯ ಸೊಂಟದ ಮೂಳೆ ಮುರಿಯಿತು.

ಮೂಳೆ ಡಾಕ್ಟರು ಒಳ್ಳೆಯವರೆಂದು ಎಲ್ಲರೂ ಹೇಳಿದ್ದರಿಂದ ಟೀಚರ್ ಹೇಳುತ್ತಿದ್ದ ಅದೇ ಧರ್ಮಾಸ್ಪತ್ರೆಗೆ ಸೇರಿಸಿದ. ಅಲ್ಲೂ "ಈ ಎಕ್ಸ್‌ರೇ ನಮ್ಮವ್ವಂದs ಹೌದಲ್ರೀ?" ಎಂದು ಕೇಳಿ ಕೇಳಿ ನರ್ಸ್ ಕೈಲಿ ಬೈಸಿಕೊಂಡ!

ಆಪರೇಷನ್ ಆಗಿ, ವಾಕರ್ ಬಿಟ್ಟು ಕೋಲು ಹಿಡಿಯುವ ದಿನ ಬಂತು. ವಿರೂಪಾಕ್ಷಪ್ಪ ತಾನೇ ಹೊಸ ಕೋಲು ತಂದು ತಾಯಿಯ ಎಡಗೈಗೆ ಕೊಟ್ಟ.

ಅಲ್ಲಿ ನಡಿಗೆ ಕಲಿಸುವ ಫಿಸಿಯೋ ಅದನ್ನು ತೆಗೆದು ಬಲಗೈಗೆ ಕೊಟ್ಟಳು.

"ಅಲ್ರೀ, ನೋವು ಎಡಕ್ಕೈತಿ!"

"ಗೊತ್ತೈತ್ರಿ. ಎದುರಿನ ಕೈಯಾಗ ಹಿಡದ್ರs ನೋವಿನ ಕಾಲಿಗೆ ಭಾರ ಕಡಿಮಿ ಬೀಳ್ತೈತಿ. ಬಾಳ ಮಂದಿ ಇದನ್ನ ತಪ್ಪು ತಿಳಕೊಂತಾರ್ರಿ."

ಗೌರವ್ವ ಒಂದು ಹೆಜ್ಜೆ ಇಟ್ಟರು... ಇನ್ನೊಂದು... "ಈಗ ಹಗುರಾತು ನೋಡಪಾ" ಎಂದರು.

ಕೆಂಪು ಗೆರೆಯ ಆ ಫೋಟೋ ವಿರೂಪಾಕ್ಷಪ್ಪನ ಕಣ್ಣ ಮುಂದೆ ಬಂತು.

ಅಷ್ಟರಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಅಪರಿಚಿತ ಅಜ್ಜಿಯೊಬ್ಬರು ಅವನ ತೋಳು ಮುಟ್ಟಿದರು. "ತಮ್ಮಾ... ನಿಮ್ಮವ್ವಂದು ಮುಗದ ಮ್ಯಾಲೆ ಆ ಕೋಲು ಚೂರು ಕೊಡ್ತೀಯೇನು? ಬಚ್ಚಲಕ್ಕ ಹೋಗಿ ಬರ್ತೀನಿ. ಮುಂಜಾನಿಂದ ತಡಕೊಂಡು ಕುಂತೀನಿ..."

ಅವನು ಫಿಸಿಯೋ ಮುಖ ನೋಡಿದ.

"ಕೋಲು, ವಾಕರ್ ಇಲ್ಲಿ ಸಾಲಂಗಿಲ್ರಿ ಸರ್. ಟೀಚರ್ ಒಬ್ಬರು ಕೆರಿ ಸುತ್ತಿ ಸುತ್ತಿ ತಂದು ಕೊಡ್ತಿದ್ರು. ಯಾರೋ ಪುಣ್ಯಾತ್ಮರು ಅವರ ಮ್ಯಾಲೆ ಏನೋ ಹಬ್ಬಿಸಿದ್ರಂತ... ಬರೋದು ನಿಂತು ಹೋತು."

ಅವನು ಅವ್ವನನ್ನು ಕೂರಿಸಿ, ಕೋಲನ್ನು ಅಜ್ಜಿಯ ಕೈಗೆ ಕೊಟ್ಟ. ಕಾರಿಡಾರಿಗೆ ಹೋಗಿ, ಗೋಡೆಗೆ ಮುಖ ಮಾಡಿ, ಸಣ್ಣ ಹುಡುಗರ ಹಾಗೆ ಅತ್ತುಬಿಟ್ಟ.

ಮರುದಿನ ಗಾಡಿ ತುಂಬಾ ಹೊಸ ವಾಕರ್ ಹೇರಿಸಿಕೊಂಡು ಕೆರೆಗೆ ಬಂದ. ನಗಾಡಿದವರ ಎದುರಿಗೇ ಮಹಾದೇವಿಗೆ ಕೈಮುಗಿದ.

"ಸುಳ್ಳು ಹಬ್ಬಿಸಿದವ ನಾನs ತಂಗಿ. ಆಸ್ಪತ್ರಿಯಾಗ ಒಬ್ಬ ಮುದುಕಿ ನನ್ನಿಂದಾಗಿ ಬಚ್ಚಲಕ್ಕ ಹೋಗಲಾರದ ಕುಂತಿದ್ಲು... ಇವನ್ನೆಲ್ಲ ತಗೊಂಡು ನನ್ನ ಕ್ಷಮಿಸಿಬಿಡು."

ಅವಳು ಗಾಡಿಯತ್ತ ಒಮ್ಮೆ ನೋಡಿದಳು.

"ವಾಕರ್ ಬ್ಯಾಡ ಅನ್ನಂಗಿಲ್ರಿ. ಆದರ ಮಂದಿ ಮುಂದ ನನ್ನ ನಿಲ್ಲಿಸಿ ನಗಿಸಿದ್ರಿ... ಈಗ ಮಂದಿ ಮುಂದ ನನ್ನ ಜೋಡಿ ಒಂದು ಸುತ್ತು ನಡೀರಿ."

ಇಬ್ಬರೂ ಹೊರಟರು... ಅವಳ ನಿಧಾನದ ಹೆಜ್ಜೆಗೆ ಅವನು ತನ್ನ ಹೆಜ್ಜೆ ಕೂಡಿಸಿಕೊಂಡ.

ಕಲ್ಲುಬೆಂಚಿನ ಮೇಲಿದ್ದ ಒಬ್ಬ ಪಕ್ಕದವನಿಗೆ ಹೇಳುತ್ತಿದ್ದುದು ಚೆನ್ನಾಗಿಯೇ ಕೇಳಿಸಿತು.

"ಈ ಪಾತ್ರಿ ಸಾವ್ಕಾರ ಸುಮ್ಮಸುಮ್ಮನ ಗಾಡಿ ತುಂಬ ಯಾಕ ತಂದಾನು? ಈ ಸಲ ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಂದರ್ತಾನ, ಬರದಿಟ್ಕೋ! ಫೋಟೋ ಹೊಡಿ, ಗ್ರೂಪಿಗೆ ಹಾಕೂಣು!"

ವಿರೂಪಾಕ್ಷಪ್ಪನ ಮೈಯೆಲ್ಲ ಉರಿದು ಹೋಯಿತು. ಗಕ್ಕನೆ ನಿಂತು ಹಿಂದಕ್ಕೆ ತಿರುಗಿದ... 'ನನ್ನವ್ವನಾಣೆ, ಹಂಗಲ್ಲ' ಎಂದು ಕೂಗಲು ಬಾಯಿ ತೆರೆದ.

ಮಹಾದೇವಿ ಹಿಂತಿರುಗಿ ನೋಡಲೂ ಇಲ್ಲ.

"ನಡೀರಿ, ಅಣ್ಣಾರ..." ಎಂದಳು. "ನಾನೂ ಇಷ್ಟು ದಿನ ಹಿಂಗs ನಡದೀನಿ."

🙏

*ಅನುಮಾನ ಹಬ್ಬಿಸಲು ಒಂದು ಫೋಟೋ ಸಾಕು... ಅದರ ನೋವು ಉಣ್ಣುವವರು ಎಷ್ಟೋ ಸಲ ಆ ಫೋಟೋದಲ್ಲೇ ಇರುವುದಿಲ್ಲ.*

ವಿಚಾರಿಸದೆ ನೀವು ಕೊನೆಯ ಸಲ ಫಾರ್ವರ್ಡ್ ಒತ್ತಿದ್ದು ಯಾರ ಬಗ್ಗೆ... ನೆನಪಿದೆಯಾ?