ರಾಣಿಯ ಪ್ರವೇಶ

ನಾಟಕಶಾಲೆಯ ಮೇಲಿನ ಬಾಕ್ಸಿನಲ್ಲಿ ಇಂಗ್ಲಿಷ್ ಕಲೆಕ್ಟರ್ ಸಾಹೇಬ ಕಾಲ ಮೇಲೆ ಕಾಲು ಹಾಕಿ ಚುಟ್ಟಾ ಸೇದುತ್ತ ಕೂತಿದ್ದ.

"ಪರದೆ ಎದ್ದ ಕೂಡಲೆ ಸಾಹೇಬರಿಗೆ ಬಗ್ಗಿ ಸಲಾಮು ಮಾಡಬೇಕವಾ, ಹುಕುಂ ಆಗೇದ," ಎಂದರು ನಾಟಕ ಕಂಪನಿಯ ಮಾಲಕರು.

ಕಿರೀಟ ಬಿಗಿದುಕೊಳ್ಳುತ್ತಿದ್ದ ಚಂಪಾಬಾಯಿ ಗಕ್ಕನೆ ತಿರುಗಿದಳು. "ಬಣ್ಣ ಹಚ್ಚಿದ ಮ್ಯಾಲೆ ನಾನು ರಾಣಿ. ರಾಣಿ ಯಾರಿಗೂ ಬಗ್ಗೂದಿಲ್ಲ."

"ಹಠ ಮಾಡಬ್ಯಾಡ, ನಾಳೆ ಥೇಟರಿಗೆ ಕೀಲಿ ಬೀಳ್ತದ!"

"ಹಂಗಾರ ಒಂದು ಮಾಡ್ರಿ. ಆಟ ಮುಗಿದಾಗ ಸಾಹೇಬರ ದೇಶದ ರಾಜಗೀತೆ ಬಾರಸ್ತೀರಲ್ಲ, ಅದನ್ನ ಇವತ್ತು ನಾ ಬರೂವಾಗ ಬಾರಸ್ರಿ."

ಸದ್ಯ, ದಾರಿಗೆ ಬಂದಳು ಎಂದುಕೊಂಡು ಮಾಲಕರು ಬ್ಯಾಂಡಿನವರ ಕಡೆ ಓಡಿದರು.

ಪರದೆ ಎದ್ದಿತು, ರಾಜಗೀತೆ ಮೊಳಗಿತು. ಚಂಪಾಬಾಯಿ ಎತ್ತಿದ ತಲೆ ಇಳಿಸದೆ ಸಿಂಹಾಸನದತ್ತ ನಡೆದಳು.

ಎಲ್ಲರಿಗಿಂತ ಮೊದಲು ಚುಟ್ಟಾ ಬಿಸಾಕಿ, ದಡಬಡಿಸಿ ಎದ್ದು, ಅವಳೆದುರು ನೆಟ್ಟಗೆ ನಿಂತವನು ಸಾಹೇಬನೇ.