ಐದು ಟೆಸ್ಟಿಗೆ ಐದು ಕಾಫಿ ಹಣ್ಣು

ಟಿವಿಯಲ್ಲಿ ಕೋಟು ಹಾಕಿದವರು ಮುಂದಿನ ಟೆಸ್ಟ್ ಸರಣಿಯ ಭವಿಷ್ಯ ಹೇಳಲು ಕೂತರೆ ಈಗಲೂ ನನ್ನ ಮೂಗಿಗೆ ಕಾಫಿ ಸಿಪ್ಪೆಯ ಹುಳಿವಾಸನೆ ಬಡಿಯುತ್ತದೆ.

ಗೋಣಿಬೀಡಿನ ನಮ್ಮ ತೋಟದಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ತೊಟ್ಟಿಯ ನೀರಿಗೆ ಚಿಕ್ಕಪ್ಪ ಟೆಸ್ಟಿಗೊಂದರಂತೆ ಕಾಫಿ ಹಣ್ಣು ಹಾಕುತ್ತಿದ್ದ. ಮುಳುಗಿದರೆ ಗೆಲುವು, ಜೊಳ್ಳಾಗಿ ತೇಲಿದರೆ ಸೋಲು. ಮೋಸಗಾರ, ಗಟ್ಟಿ ಹಣ್ಣನ್ನೇ ಆರಿಸುತ್ತಿದ್ದ. ಐದು ಟೆಸ್ಟಿನ ಒಂದು ಸರಣಿಗೆ ಮುಂಚಿನ ಮಧ್ಯಾಹ್ನ, ಊರನ್ನೆಲ್ಲ ಅಣಕಿಸುತ್ತಿದ್ದ ನಾನು ಮೂಗು ಹಿಡಿದು ರೇಡಿಯೋದವರ ದನಿಯಲ್ಲಿ ಕೋತಿ ಕಾಮೆಂಟರಿ ಕೊಡುತ್ತಿದ್ದೆ, ಐದೂ ಮುಳುಗಿದವು.

"ಐದಕ್ಕೈದು! ಸೋತ್ರೆ ಅದು ಅಂಪೈರ್ ಮೋಸ, ಮಾರಾಯ!" ಎಂದ ಚಿಕ್ಕಪ್ಪ.

ಮರುದಿನ ಅವನಿಗೆ ಮಂಗಳೂರಿನಲ್ಲಿ ಹೃದಯದ ಆಪರೇಷನ್. ನಾನು ಕೈಗೆ ಸಿಕ್ಕ ಆರನೆಯ ಹಣ್ಣು ಎತ್ತಿ, "ಇದು ನಿನ್ನ ಆಪರೇಷನ್ನಿಗೆ" ಅಂದೆ.

ಚಿಕ್ಕಪ್ಪ ಗಬಕ್ಕನೆ ನನ್ನ ಮುಷ್ಟಿ ಹಿಡಿದ. ಅವನ ಅಂಗೈ ತಣ್ಣಗಿತ್ತು. "ಅದು ಬೇಡ. ತೊಟ್ಟಿಗೆ ಕ್ರಿಕೆಟ್ ಮಾತ್ರ ಗೊತ್ತು."

ಅವನು ಜೀವಂತವಾಗಿ ಮರಳಲಿಲ್ಲ. ಸರಣಿಯನ್ನೂ ನಾವು ಸೋತೆವು. ಕೊನೆಯ ವಿಕೆಟ್ ಬಿದ್ದಾಗ ಹಾಳು ಅಭ್ಯಾಸಕ್ಕೆ ಅವನ ದನಿ ತೆಗೆದು, "ಅಂಪೈರ್ ಮೋಸ, ಮಾರಾಯ!" ಎಂದುಬಿಟ್ಟೆ.

ಅಡಿಗೆಮನೆಯಿಂದ ಅಜ್ಜಿ ಓಡಿಬಂದಳು. ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಇನ್ನೊಂದ್ಸಲ ಹೇಳು ಮಗಾ" ಅಂದಳು.