ಮೋಡಕ್ಕೇರಿದ ಬಾಗಿಲು

ತೂಬಿನ ಬಾಗಿಲು ಪೂರ್ತಿ ಮೇಲೆ ಬಂದು ಚೌಕಟ್ಟಿಗೆ ತಾಗಿ ನಿಂತಿತ್ತು. ಕಾಲುವೆ ಕಾಯುವ ಲಷ್ಕರ್ ನಬೀಸಾಬ್ ಎದೆಯೊಡ್ಡಿ ದೂಡಿದರೂ ಚಕ್ರ ಅಲುಗಲಿಲ್ಲ.

"ಇನ್ನ ಏರಂಗಿಲ್ರಿ," ಎಂದ.

ಓವರ್ಸಿಯರ್ ಕೊಟ್ಟೂರಪ್ಪನವರು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬರುವಾಗ ಒಂದು ನಿಯಮ ತಂದಿದ್ದರು. ದಿನಾ ಬೆಳಿಗ್ಗೆ ಕಾಲುವೆಯ ನೀರು ಕಲ್ಲಿನ ಬಿಳಿ ಗೆರೆಗಿಂತ ಕೆಳಗಿದ್ದರೆ ಬಾಗಿಲನ್ನು ನಾಲ್ಕು ಸುತ್ತು ಎತ್ತಬೇಕು, ಮೇಲಿದ್ದರೆ ನಾಲ್ಕು ಸುತ್ತು ಇಳಿಸಬೇಕು, ಪುಸ್ತಕದಲ್ಲಿ ಬರೆಯಬೇಕು. ಬಾಗಿಲಿಗಿರುವುದೇ ನಲವತ್ತು ಸುತ್ತು ಎಂಬುದು ನಿಯಮದಲ್ಲಿ ಇರಲಿಲ್ಲ.

"ಚಕ್ರ ತಿರುಗದಿದ್ರ ಏನಾತು, ನೀರು ಗೆರಿಗೆ ಬಂದಿಲ್ಲಲ್ಲ. ನೀ ಬರಿ," ಎಂದರು.

ನಬೀಸಾಬ್ ಬರೆದ. ನಲವತ್ತೆಂಟನೇ ಇಸವಿಯ ಆ ಬೇಸಿಗೆಯಲ್ಲಿ ಹೊಳೆಯಲ್ಲೇ ನೀರಿರಲಿಲ್ಲ, ಗೆರೆ ಮುಟ್ಟುವುದೆಲ್ಲಿ? ಬಾಗಿಲು ಇದ್ದಲ್ಲೇ ಇತ್ತು. ಪುಸ್ತಕದಲ್ಲಿ ಮಾತ್ರ ದಿನಕ್ಕೆ ನಾಲ್ಕು ಸುತ್ತು ಏರುತ್ತ, ಜೂನ್ ಕೊನೆಗೆ ಇನ್ನೂರ ನಲವತ್ತಾಗಿ, ಕೆಂಚನಗುಡ್ಡದ ಕೋಟೆ ದಾಟಿ ಮೋಡದ ಹತ್ತಿರ ನೇತಾಡುತ್ತಿತ್ತು. ತಪಾಸಣೆಗೆ ಬಂದ ದೊಡ್ಡ ಸಾಹೇಬರು ಪುಸ್ತಕ ನೋಡಿ ಓವರ್ಸಿಯರರ ಬೆನ್ನು ತಟ್ಟಿದರು. ಬಾಗಿಲನ್ನು ನೋಡಲಿಲ್ಲ, ಬಿಸಿಲಿತ್ತು.

ಜುಲೈನಲ್ಲಿ ಹೊಳೆ ಬಂತು. ಗೆರೆ ಮುಳುಗಿ, ನೀರು ಕಾಲುವೆ ದಂಡೆ ಮೀರಿತು. ದಂಡೆಯ ಕೆಳಗೆ ಉಚ್ಚೆಂಗೆಮ್ಮ ಆಗಷ್ಟೇ ಎರಡೆಕರೆ ಭತ್ತ ನಾಟಿ ಮಾಡಿದ್ದಳು. ಅವಳ ವರ್ಷದ ಕೂಳು ಅದೇ. ನಬೀಸಾಬ್ ಬಾಗಿಲು ಇಳಿಸಲು ಓಡಿದ. ಕೊಟ್ಟೂರಪ್ಪನವರು ಚಕ್ರದ ಬೀಗದ ಕೈ ಕೊಡಲಿಲ್ಲ. ಬಾಗಿಲು ಇನ್ನೂರ ನಲವತ್ತರಲ್ಲಿದೆ, ನಲವತ್ತಕ್ಕೆ ಬರುವ ತನಕ ಕಬ್ಬಿಣ ಮುಟ್ಟುವ ಹಾಗಿಲ್ಲ, ಮೊದಲು ಪುಸ್ತಕದಲ್ಲಿ ಇಳಿಸು ಎಂದರು. ಹೊಳೆ ಬಂದದ್ದಕ್ಕೆ ದೊಡ್ಡ ಮನಸ್ಸು ಮಾಡಿ, ದಿನಕ್ಕೆ ನಾಲ್ಕರ ಬದಲು ತಾಸಿಗೆ ನಾಲ್ಕು ಸುತ್ತು ಬರೆಯಲು ಅಪ್ಪಣೆ ಕೊಟ್ಟರು.

ನಬೀಸಾಬ್ ಹಗಲೂ ರಾತ್ರಿ ಕೂತು ಬರೆದ. ಮೂರನೆಯ ದಿನ ಉಚ್ಚೆಂಗೆಮ್ಮ ಸೊಂಟದ ತನಕ ಒದ್ದೆಯಾಗಿ ಬಂದಳು.

"ಯಪ್ಪಾ, ಬಾಗ್ಲು ಹಾಕ್ರಿ. ಅರ್ಧ ನಾಟಿ ಇನ್ನ ನೆಲ ಹಿಡ್ಕಂಡೈತಿ."

"ಇನ್ನ ಹನ್ನೆರಡೇ ಸುತ್ತು. ಮೂರು ತಾಸು ತಡಿಯವ್ವಾ," ಎಂದರು ಕೊಟ್ಟೂರಪ್ಪನವರು.

ಆಕೆ ಕೈಯಲ್ಲಿದ್ದ, ಬೇರುಸಹಿತ ಕಿತ್ತುಬಂದ ಸಸಿಗಳನ್ನು ತೆರೆದ ಪುಸ್ತಕದ ಮೇಲೆ ಇಟ್ಟಳು.

"ಇವನ್ನೂ ಇದ್ರಾಗ ನಾಟಿ ಮಾಡ್ರಿ. ಇಲ್ಲಿಗೆ ನೀರು ಬಂದಿಲ್ಲಲ್ಲ."

ಬೇರುಗಳಿಂದ ಇಳಿದ ನೀರು ಮಸಿಯನ್ನೆಲ್ಲ ಕಲಸಿತು. ಕೊಟ್ಟೂರಪ್ಪನವರು ಸಸಿಗಳನ್ನು ಎರಡು ಬೆರಳಲ್ಲಿ ಎತ್ತಿ ಆಚೆ ಹಾಕಿ, ಪುಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಲೇ ನಬೀಸಾಬ, ಇಳಿಸಿದ್ದೆಲ್ಲ ಅಳಿಸಿಹೋತು. ಇನ್ನೂರ ನಲವತ್ತರಿಂದ ಮತ್ತ ಶುರು ಮಾಡು."